ಕಪಾಳಮೋಕ್ಷಕ್ಕೆ ಹಿನ್ನೆಲೆ ಸಂಗೀತವೇಕೆ?

1984ರಲ್ಲಿ ದೂರದರ್ಶನದ ‘ಹಮ್ ಲೋಗ್’ ಧಾರಾವಾಹಿಯ ಭಾಗವಂತಿ ಕುಡುಕ ಗಂಡನ ಕಾಟವನ್ನು ನುಂಗಿಕೊಂಡಳು. ಆದರೆ ಕಂತಿನ ಕೊನೆಗೆ ಅಶೋಕ್ ಕುಮಾರ್ ಬಂದು ನಮ್ಮನ್ನು ಯೋಚನೆಗೆ ಹಚ್ಚುತ್ತಿದ್ದರು. ಇಂದಿನ ಬಹುಪಾಲು ಧಾರಾವಾಹಿಗಳಲ್ಲಿ ಅದೂ ಇಲ್ಲ. ಒಂದೇ ಏಟನ್ನು ಮೂರು ಬಾರಿ ತೋರಿಸಿ, ಕೊನೆಗೆ ಏಟು ತಿಂದವಳಿಂದಲೇ ಕ್ಷಮೆ ಕೊಡಿಸಿ ಮಂಗಳ ಹಾಡುತ್ತಾರೆ. ತಾಳಿದವಳು ಬಾಳಿಯಾಳು ಎಂಬ ಅದೇ ಹಳೆಯ ಪಾಠ!

2005ರ ಕಾಯಿದೆ ಬೈಗುಳವನ್ನೂ, ಮನೆಖರ್ಚಿಗೆ ಹಣ ಕೊಡದಿರುವುದನ್ನೂ ಹಿಂಸೆಯೆಂದೇ ಕರೆದಿದೆ. ಕೂಡಿ ಬಾಳಿದ ಮನೆಯಲ್ಲೇ ಇರುವ ಹಕ್ಕನ್ನು ಹೆಣ್ಣಿಗೆ ಕೊಟ್ಟಿದೆ. ಎಷ್ಟು ನಾಯಕಿಯರ ಬಾಯಲ್ಲಿ ಈ ಮಾತು ಕೇಳಿದ್ದೇವೆ?

ತವರು ದೂರ, ನೆರೆಯವರ ಭಾಷೆ ಬೇರೆ. ಪರವೂರಿನ ನಮ್ಮ ಎಷ್ಟೋ ಹೆಣ್ಣುಮಕ್ಕಳಿಗೆ ಸಂಜೆಯ ಕನ್ನಡದ ದನಿಯೆಂದರೆ ಧಾರಾವಾಹಿಯೇ. ಆ ದನಿ ‘ಸಹಿಸು’ ಎನ್ನುವಾಗ ನಾವು ಸುಮ್ಮನಿರಬಾರದು. ಗೋಡೆಯಾಚೆ ಏಟಿನ ಸದ್ದು ಕೇಳಿದರೆ, ಟಿ.ವಿ.ಯ ದನಿ ಏರಿಸದೆ ಹೋಗಿ ಬಾಗಿಲು ತಟ್ಟೋಣ.