ಊರಿನ ದಾಖಲಾತಿಗೆ ವಿದ್ಯಾರ್ಥಿಗಳು ಬರಲಿ

ಕಿತ್ತೂರಿಗೆ ಸಮೀಪದ ದೇಗಾಂವದಲ್ಲಿ ಕಮಲನಾರಾಯಣ ದೇವಾಲಯವಿದೆ. ಗೋವೆಯ ಕದಂಬ ಅರಸ ಶಿವಚಿತ್ತ ಪೆರ್ಮಾಡಿಯ ರಾಣಿ ಕಮಲಾದೇವಿ 12ನೆಯ ಶತಮಾನದಲ್ಲಿ ಅದನ್ನು ಕಟ್ಟಿಸಿದಳು. ಶಾಸನದಲ್ಲಿ ಬರೆದಿಟ್ಟಿದ್ದರಿಂದ ಎಂಟುನೂರು ವರ್ಷಗಳ ನಂತರವೂ ಆಕೆಯ ಹೆಸರು ಉಳಿದಿದೆ. ಆದರೆ ಇಂತಹ ಊರುಗಳ ಸುತ್ತಲಿನ ಗುಡ್ಡದಲ್ಲಿ, ಹಳ್ಳದಲ್ಲಿ, ಗೋಮಾಳದಲ್ಲಿ ಕೇವಲ ಐವತ್ತು ವರ್ಷಗಳ ಹಿಂದೆ ಏನೇನು ಬೆಳೆಯುತ್ತಿತ್ತು, ಯಾವ ಹಕ್ಕಿ ಯಾವ ತಿಂಗಳಲ್ಲಿ ಬರುತ್ತಿತ್ತು ಎಂದು ಕೇಳಿದರೆ ಉತ್ತರ ಬಹುಮಟ್ಟಿಗೆ ಹಿರಿಯರ ನೆನಪಿನಲ್ಲಿ ಮಾತ್ರ ಇದೆ. ಆ ಹಿರಿಯರು ಒಬ್ಬೊಬ್ಬರಾಗಿ ಅಗಲುತ್ತಿದ್ದಾರೆ. ಅವರೊಂದಿಗೆ ಊರಿನ ಅರಿವೂ ಅಳಿಯುತ್ತಿದೆ.

ಈ ಅರಿವನ್ನು ಬರೆದಿಡಬೇಕೆಂದು ಕಾನೂನೇ ಹೇಳುತ್ತದೆ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಸ್ಥಳೀಯ ಸಂಸ್ಥೆಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಊರಿನವರೊಂದಿಗೆ ಸಮಾಲೋಚಿಸಿ ಜನತಾ ಜೀವವೈವಿಧ್ಯ ದಾಖಲಾತಿಯನ್ನು ಸಿದ್ಧಪಡಿಸುವುದು ಆ ಸಮಿತಿಯ ಮುಖ್ಯ ಕರ್ತವ್ಯವೆಂದು 2004ರ ನಿಯಮಗಳು ವಿಧಿಸಿದವು. ವರ್ಷಗಳು ಕಳೆದರೂ ಕೆಲಸ ಸಾಗದಿದ್ದಾಗ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು 2020ರ ಜನವರಿ ಅಂತ್ಯದ ಗಡುವು ನೀಡಿ, ತಪ್ಪಿದ ರಾಜ್ಯಗಳು ದಂಡ ತೆರಬೇಕೆಂದು ಎಚ್ಚರಿಸಿತು. ಗಡುವಿನ ಬಿಸಿಗೆ ದಾಖಲಾತಿಗಳ ಸಂಖ್ಯೆಯೇನೋ ಏರಿತು. ಆದರೆ ಅವಸರದಲ್ಲಿ ತುಂಬಿದ ನಮೂನೆಯೂ ಊರು ಕೂಡಿ ಬರೆದ ದಾಖಲಾತಿಯೂ ಒಂದೇ ಅಲ್ಲ. ಕೆರೆಯ ದಂಡೆಯನ್ನು ಸುತ್ತದೆ, ಕುರಿಗಾಹಿಯನ್ನು ಮಾತನಾಡಿಸದೆ, ಕಚೇರಿಯ ಮೇಜಿನ ಮೇಲೆ ಮುಗಿದ ಪಟ್ಟಿಯಿಂದ ಊರಿಗೆ ಪ್ರಯೋಜನವಿಲ್ಲ.

ಇಲ್ಲಿಯೇ ಕಾಲೇಜು ವಿದ್ಯಾರ್ಥಿಗಳ ನೆರವು ಬೇಕಾಗಿದೆ. ಸರ್ವೋಚ್ಚ ನ್ಯಾಯಾಲಯದ ನಿರ್ದೇಶನದಂತೆ ವಿಶ್ವವಿದ್ಯಾಲಯ ಅನುದಾನ ಆಯೋಗವು ಪದವಿ ತರಗತಿಗಳಿಗೆ ರೂಪಿಸಿದ ಪರಿಸರ ಅಧ್ಯಯನದ ಪಠ್ಯದಲ್ಲಿ ಕ್ಷೇತ್ರಕಾರ್ಯಕ್ಕೇ ಒಂದು ಘಟಕ ಮೀಸಲಾಗಿತ್ತು. ಸ್ಥಳೀಯ ನದಿ, ಕಾಡು, ಹುಲ್ಲುಗಾವಲು, ಗುಡ್ಡಗಳನ್ನು ಕಂಡು ದಾಖಲಿಸುವುದು, ಸಾಮಾನ್ಯ ಗಿಡ, ಕೀಟ, ಹಕ್ಕಿಗಳನ್ನು ಗುರುತಿಸುವುದು ಅದರ ಉದ್ದೇಶ. ಪುಸ್ತಕದಲ್ಲಿ ಓದಿದ್ದನ್ನು ಸ್ವಂತ ಊರಿನ ಬಯಲಿನಲ್ಲಿ ಕಾಣಲು ಇದಕ್ಕಿಂತ ಒಳ್ಳೆಯ ಅವಕಾಶ ಯಾವುದಿದೆ?

ಇಂತಹ ಸಮೀಕ್ಷೆಯ ಫಲ ಎಂದು ಒದಗುವುದೆಂದು ಮೊದಲೇ ಹೇಳಲಾಗದು. ಬೆಳಗಾವಿ ಜಿಲ್ಲೆಯಲ್ಲೇ ಅದಕ್ಕೆ ನಿದರ್ಶನವಿದೆ. ಮುಂಬೈ ನ್ಯಾಚುರಲ್ ಹಿಸ್ಟರಿ ಸೊಸೈಟಿ 1911ರಲ್ಲಿ ಸಸ್ತನಿಗಳ ಸಮೀಕ್ಷೆಯನ್ನು ಆರಂಭಿಸಿತು. ಅದರ ಫಲವಾಗಿ ಖಾನಾಪುರ ತಾಲೂಕಿನ ತಳೇವಾಡಿ ಬಳಿಯ ಬಾರಾಪೇಡೆ ಗುಹೆಗಳಲ್ಲಿನ ಒಂದು ಬಾವಲಿ ವಿಜ್ಞಾನಕ್ಕೆ ಪರಿಚಯವಾಯಿತು. 1913ರಲ್ಲಿ ರೋಟನ್ ಅವರ ಹೆಸರನ್ನು ಅದಕ್ಕೆ ಇಡಲಾಯಿತು. ಅನೇಕ ದಶಕಗಳವರೆಗೆ ಜಗತ್ತಿನಲ್ಲಿ ಬೇರೆಲ್ಲೂ ಅದು ಕಂಡುಬಂದಿರಲಿಲ್ಲ. ಆ ಕಾಡು 2011ರಲ್ಲಿ ಭೀಮಗಡ ವನ್ಯಜೀವಿಧಾಮವಾಗಲು ಮುಂದಿಟ್ಟ ಕಾರಣಗಳಲ್ಲಿ ಈ ಬಾವಲಿಯೂ ಒಂದು. ನೂರು ವರ್ಷಗಳ ಹಿಂದಿನ ಟಿಪ್ಪಣಿ ಕಾಡಿನ ಪರವಾಗಿ ಸಾಕ್ಷಿ ನುಡಿಯಿತು. ದಾಖಲೆಯಿಲ್ಲದ ಗುಡ್ಡವನ್ನು ನಾಳೆ ಯಾರಾದರೂ ಬರಿಯ ಪಾಳುಭೂಮಿ ಎಂದು ಕರೆದರೆ ಅಲ್ಲಗಳೆಯಲು ಊರಿನವರ ಕೈಯಲ್ಲಿ ಏನಿರುತ್ತದೆ?

ಕೆಲಸ ಕಷ್ಟದ್ದಲ್ಲ, ಆದರೆ ತಾಳ್ಮೆ ಬೇಡುತ್ತದೆ. ಹಳ್ಳ ಯಾವ ತಿಂಗಳವರೆಗೆ ಹರಿಯುತ್ತದೆ, ಯಾವ ಬಾವಿ ಬೇಸಿಗೆಯಲ್ಲಿ ಬತ್ತುತ್ತದೆ, ಕವಳಿ ಗುಡ್ಡದ ಯಾವ ಮಗ್ಗುಲಲ್ಲಿ ಹಣ್ಣಾಗುತ್ತದೆ, ಕಾಂಗ್ರೆಸ್ ಕಸ ಎಲ್ಲೆಲ್ಲಿ ಮೇವಿನ ಹುಲ್ಲನ್ನು ನುಂಗಿದೆ, ಜೋಳ ಮತ್ತು ಭತ್ತದ ಯಾವ ಹಳೆಯ ತಳಿಗಳು ಯಾರ ಮನೆಯಲ್ಲಿ ಇನ್ನೂ ಬೀಜಕ್ಕೆ ಉಳಿದಿವೆ ಎಂಬುದನ್ನು ಬರೆಯಬೇಕು. ಒಂದು ದಿನದ ಪ್ರವಾಸದಲ್ಲಿ ಇದು ಮುಗಿಯದು. ಮಳೆಗಾಲ, ಚಳಿಗಾಲ, ಬೇಸಿಗೆ ಮೂರರಲ್ಲೂ ಅದೇ ದಾರಿಯಲ್ಲಿ ನಡೆಯಬೇಕು. ಗಿಡದ ಹೆಸರನ್ನು ಊರಿನವರು ಹೇಳುವಂತೆಯೇ ಬರೆದು, ಶಾಸ್ತ್ರೀಯ ಹೆಸರನ್ನು ಆಮೇಲೆ ಅಧ್ಯಾಪಕರ ನೆರವಿನಿಂದ ಸೇರಿಸಬಹುದು.

ಈ ಕಾರ್ಯದಲ್ಲಿ ಒತ್ತಾಯಕ್ಕೆ ಎಡೆಯಿರಬಾರದು. ಅಂಕದ ಆಸೆಗೋ ಹಾಜರಿಯ ಭಯಕ್ಕೋ ಬಂದವರು ಕಂಡದ್ದಕ್ಕಿಂತ ಊಹಿಸಿದ್ದನ್ನೇ ಹೆಚ್ಚು ಬರೆಯುತ್ತಾರೆ. ಉತ್ತರಿಸುವವರಿಗೂ ಅದೇ ಸ್ವಾತಂತ್ರ್ಯ ಇರಬೇಕು. ಯಾಕೆ ಕೇಳಲಾಗುತ್ತಿದೆ, ಬರೆದದ್ದು ಎಲ್ಲಿ ಇರುತ್ತದೆ ಎಂಬುದನ್ನು ಮೊದಲು ತಿಳಿಸಿ ಒಪ್ಪಿಗೆ ಪಡೆಯಬೇಕು. ನಾಟಿವೈದ್ಯರು ಔಷಧದ ಗುಟ್ಟು ಬಿಟ್ಟುಕೊಡಲು ಇಷ್ಟಪಡದಿದ್ದರೆ ಒತ್ತಾಯಿಸಬಾರದು. ಅಪರೂಪದ ಗಿಡ ಬೆಳೆಯುವ ತಾಣವನ್ನು ಬಹಿರಂಗಪಡಿಸಿದರೆ ಅದನ್ನು ಕೀಳುವವರಿಗೆ ದಾರಿ ತೋರಿಸಿದಂತಾಗುತ್ತದೆ. ಬರೆದದ್ದೆಲ್ಲವನ್ನೂ ಗ್ರಾಮಸಭೆಯಲ್ಲಿ ಓದಿ ಹೇಳಿ, ತಿದ್ದಿಸಿಕೊಂಡು, ಒಂದು ಪ್ರತಿಯನ್ನು ಊರಿನಲ್ಲೇ ಉಳಿಸಬೇಕು. ಊರಿಗೆ ಮರಳದ ಸಂಶೋಧನೆ ಊರಿನಿಂದ ಒಯ್ದ ಇನ್ನೊಂದು ವಸ್ತುವಷ್ಟೇ.

ಕಿತ್ತೂರು, ಬೈಲಹೊಂಗಲ, ಖಾನಾಪುರ ಭಾಗದ ವಿದ್ಯಾರ್ಥಿಗಳಲ್ಲಿ ಅನೇಕರು ರೈತರ ಮಕ್ಕಳು. ಬಿತ್ತುವ, ಮೇಯಿಸುವ, ಸೌದೆ ತರುವ ಕೆಲಸಗಳನ್ನು ಬಲ್ಲ ಅವರಿಗೆ ಈ ಸಮೀಕ್ಷೆ ಹೊಸ ಲೋಕವಲ್ಲ. ಅವರು ಗೆಳೆಯರೊಂದಿಗೆ ಕೂಡಿ ಅಧ್ಯಾಪಕರನ್ನೂ ರಾಷ್ಟ್ರೀಯ ಸೇವಾ ಯೋಜನೆಯ ಘಟಕವನ್ನೂ ಜೊತೆಗೂಡಿಸಿಕೊಂಡು ಗ್ರಾಮ ಪಂಚಾಯಿತಿಯ ಸಮಿತಿಯನ್ನು ಕಾಣಲಿ. ಈಗಾಗಲೇ ಇರುವ ದಾಖಲಾತಿಯನ್ನು ತರಿಸಿಕೊಂಡು, ಹಿರಿಯರ ಮುಂದೆ ಓದಲಿ. ಬಿಟ್ಟುಹೋದದ್ದು ಏನೆಂಬುದು ಅಲ್ಲಿಯೇ ತಿಳಿಯುತ್ತದೆ. ಕೆಲಸವೂ ಅಲ್ಲಿಂದಲೇ ಆರಂಭವಾಗುತ್ತದೆ.