ಬಸವನಗುಡಿಯ ಹಳೇ ಶೀಟು ನಮ್ಮ ಕೊಟ್ಟಿಗೆಗೆ ಬೇಡ

ಹೋದ ವಾರ ಬಸವನಗುಡಿಯಲ್ಲಿ ಹಳೇ ಮನೆಯೊಂದನ್ನು ಕೆಡವುತ್ತಿದ್ದರು, ನೋಡುತ್ತ ನಿಂತೆವು. ಬಾಗಿಲು, ಕಿಟಕಿ, ತೊಲೆಗಳನ್ನು ಜೋಪಾನವಾಗಿ ಇಳಿಸುತ್ತಿದ್ದರು. ಅವಕ್ಕೆ ಬೆಲೆ ಇದೆಯಲ್ಲ. ಹಿತ್ತಲಿಗೆ ಹೊದಿಸಿದ್ದ ಸಿಮೆಂಟ್ ಶೀಟುಗಳನ್ನು ಮಾತ್ರ ಮೇಲಿಂದಲೇ ಎಸೆಯುತ್ತಿದ್ದರು. ಬೂದಿಯಂಥ ಧೂಳು ಎದ್ದಿತು. ಒಡೆಯದೆ ಉಳಿದ ಶೀಟುಗಳು ಟೆಂಪೋ ಹತ್ತಿದವು. "ಎಲ್ಲಿಗಣ್ಣಾ?" ಅಂದೆವು. "ನಮ್ಮೂರಿಗೆ. ದನದ ಕೊಟ್ಟಿಗೆಗೆ ಆಗುತ್ತೆ, ಪುಕ್ಕಟೆ ಸಿಕ್ತು" ಅಂದರು ಡ್ರೈವರ್.

ಹಳೇ ಶೀಟಿನಲ್ಲಿ ಸಿಮೆಂಟಿನ ಜತೆ ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ. ಶೀಟು ಬಿರುಕಿಲ್ಲದೆ ಗಟ್ಟಿಯಾಗಿ ಕೂತಿದ್ದರೆ ಗಾಬರಿ ಬೇಡ, ಅದರ ತಂಟೆಗೂ ಹೋಗಬೇಡಿ. ಒಡೆದಾಗ, ಕೊಯ್ದಾಗ, ತೂತು ಕೊರೆದಾಗ ಕಣ್ಣಿಗೆ ಕಾಣದ ನಾರು ಗಾಳಿಗೆ ಸೇರುತ್ತದೆ. ಉಸಿರಿನ ಜತೆ ಶ್ವಾಸಕೋಶಕ್ಕೆ ಹೋದ ನಾರು ಅಲ್ಲೇ ಕೂರಬಹುದು. ಅದರಿಂದ ಬರುವ ಕ್ಯಾನ್ಸರ್ ಕಾಣಿಸಿಕೊಳ್ಳಲು 20ರಿಂದ 40 ವರ್ಷ ಹಿಡಿಯುತ್ತದೆ. ಅಷ್ಟು ಹೊತ್ತಿಗೆ ಶೀಟು ಯಾರಿಗೂ ನೆನಪಿರುವುದಿಲ್ಲ, ಎಲ್ಲರೂ ಬೀಡಿಯನ್ನು ಬೈಯುತ್ತಾರೆ. (ಬೀಡಿ ಸೇದುವವರಿಗೆ ಅಪಾಯ ಇನ್ನೂ ಹೆಚ್ಚು, ಅದೂ ನಿಜ.) 50ಕ್ಕೂ ಹೆಚ್ಚು ದೇಶಗಳು ಕಲ್ನಾರನ್ನು ನಿಷೇಧಿಸಿವೆ. ನಮ್ಮಲ್ಲಿ ಈಗಲೂ ಹೊರದೇಶದಿಂದ ಬರುತ್ತಲೇ ಇದೆ.

ಕೋತಿ ಹಾರಿಯೋ ತೆಂಗಿನಕಾಯಿ ಬಿದ್ದೋ ಶೀಟು ಒಡೆದರೆ ಮೊದಲು ಮಕ್ಕಳನ್ನು, ದನಗಳನ್ನು ದೂರ ಕಳಿಸಿ. ಒಣ ಪೊರಕೆ ಮುಟ್ಟಲೇಬೇಡಿ. ಚೂರುಗಳ ಮೇಲೆ ಮೆಲ್ಲಗೆ ನೀರು ಚಿಮುಕಿಸಿ. ನೆನೆದ ಮೇಲೆ, ಮತ್ತೆ ಮುರಿಯದೆ ಎತ್ತಿ, ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಟೇಪ್ ಹಾಕಿ. ನೆಲ ಒರೆಸಿದ ಒದ್ದೆ ಬಟ್ಟೆಯೂ ಅದರೊಳಗೇ ಹೋಗಲಿ. ತೊಟ್ಟ ಬಟ್ಟೆ ಕೊಡವದೆ ಬೇರೆಯಾಗಿ ನೆನೆಸಿ, ಸ್ನಾನ ಮಾಡಿ. ಬಾಯಿಗೆ ಕಟ್ಟಿದ ಟವೆಲ್ ಈ ನಾರನ್ನು ತಡೆಯುವುದಿಲ್ಲ, ಪಿ100 ಫಿಲ್ಟರಿನ ಮಾಸ್ಕ್ ಬೇಕು. ಇಡೀ ಚಾವಣಿ ಇಳಿಸುವ ಕೆಲಸಕ್ಕಂತೂ ನೀವಾಗಿ ಕೈ ಹಾಕಬೇಡಿ.

ನಮಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಶೀಟಿನ ಚೂರನ್ನು ದಾರಿಯ ಗುಂಡಿಗೆ ತುಂಬುವ ಅಭ್ಯಾಸ. ಟ್ರ್ಯಾಕ್ಟರ್ ಹರಿದಷ್ಟೂ ಅದು ಪುಡಿಯಾಗುತ್ತದೆ. ಅದೇ ದಾರಿಯಲ್ಲಿ ಮಕ್ಕಳು ಶಾಲೆಗೆ ನಡೆಯುತ್ತಾರೆ.

ಕಲ್ನಾರು ಕಾರ್ಖಾನೆಗಳು ಕಾರ್ಮಿಕರ ಆರೋಗ್ಯದ ದಾಖಲೆಯನ್ನು ಕನಿಷ್ಠ 40 ವರ್ಷ ಇಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಬಸವನಗುಡಿಯಲ್ಲಿ ಆ ಧೂಳು ಕುಡಿಯುತ್ತಿದ್ದ ಕೂಲಿಯವರ ಹೆಸರನ್ನು ಯಾರು ಬರೆದಿಟ್ಟುಕೊಳ್ಳುತ್ತಾರೆ? ಅಂಥ ಜಾಗದಲ್ಲಿ ಹೊಸ ಮನೆ ಕಟ್ಟಿಸುವವರಿಗೆ ನಾಲ್ಕು ಶೀಟು ಸುತ್ತಿ ಸಾಗಿಸುವ ಖರ್ಚು ಭಾರವಲ್ಲ. ಕಾರ್ಖಾನೆಗಳ ಅಪಾಯಕಾರಿ ಕಸಕ್ಕೆ ದಾಬಸ್‌ಪೇಟೆಯಲ್ಲಿ ಜಾಗ ಮಾಡಿದ್ದಾರೆ. ಮನೆ ಕೆಡವಿದ ಶೀಟಿಗೂ ಅಂಥದ್ದೇ ದಾರಿ ತೋರಿಸುವುದು ಪಾಲಿಕೆಯ ಕೆಲಸ, ಹಳ್ಳಿಗಳಲ್ಲಿ ಪಂಚಾಯಿತಿಯ ಕೆಲಸ. ಮುಂದಿನ ಗ್ರಾಮಸಭೆಯಲ್ಲಿ ಕೇಳಿ.

ಅಲ್ಲಿಯವರೆಗೆ, ಪೇಟೆಯಿಂದ ಹಳೇ ಶೀಟು ಪುಕ್ಕಟೆ ಬಂದರೂ ಇಳಿಸಿಕೊಳ್ಳಬೇಡಿ. ಕೊಟ್ಟಿಗೆಗೆ ತಗಡು ಹಾಕಿ. ಸೆಕೆ ಜಾಸ್ತಿ, ಮಳೆ ಬಂದರೆ ಸದ್ದು, ಒಪ್ಪುತ್ತೇವೆ. ಮೇಲೆ ತೆಂಗಿನ ಗರಿ ಹೊದಿಸಿದರೆ ದನಗಳಿಗೆ ಒಂದಿಷ್ಟು ತಂಪಾಗುತ್ತದೆ.