ವೇಗ ಮಾರ್ತೀರಿ, ಪಂಕ್ಚರ್ ಯಾರು ಹಾಕ್ತಾರೆ?

ಲಕ್ಷ ದಾಟಿದ ಇ-ಸೈಕಲ್ ತೋರಿಸಿ ‘ಟ್ರಾಫಿಕ್ ಮೀರಿಸುವ ವೇಗ’ ಅಂತಾರೆ. ನಾವು ಕೇಳೋದಿಷ್ಟೇ: ಯಾವ ವೇಗ? ನಮ್ಮ ಕಾನೂನಿನಲ್ಲಿ ಮೋಟಾರು 250 ವ್ಯಾಟ್, ವೇಗ ಗಂಟೆಗೆ 25 ಕಿ.ಮೀ. ಒಳಗಿದ್ದರೆ ಮಾತ್ರ ಲೈಸೆನ್ಸ್, ನೋಂದಣಿ ಬೇಡ. ಮೀರಿದರೆ ಅದು ಸೈಕಲ್ ಅಲ್ಲ, ಮೋಟಾರು ವಾಹನ. ದುಬಾರಿಯೋ ಅಗ್ಗವೋ, ಸೈಕಲ್ ಅಂದಮೇಲೆ ಮೋಟಾರಿನ ಓಟ ಅಷ್ಟೇ.

ಹಲಬರ್ಗಾದಿಂದ ಭಾಲ್ಕಿಗೆ, ಬೀದರಿಗೆ ದಿನಾ ಹೋಗಿ ಬರುವವರ ಲೆಕ್ಕ ಬೇರೆ. ಮಳೆಗಾಲದಲ್ಲಿ ಎರೆಮಣ್ಣು ಮೆತ್ತಿಕೊಂಡರೂ ಗಾಲಿ ತಿರುಗಬೇಕು. ಬ್ಯಾಟರಿ ಬಿಚ್ಚಿ ಮನೆಯೊಳಗೆ ಚಾರ್ಜಿಗಿಡಲು ಬರಬೇಕು. ಪಂಕ್ಚರ್ ಆದರೂ, ಮೋಟಾರು ಕೆಟ್ಟರೂ ಊರಲ್ಲೇ ರಿಪೇರಿ ಆಗಬೇಕು. ಈ ಮೂರರಲ್ಲಿ ಪಾಸಾಗದ ಸೈಕಲ್ ನಮಗೆ ಆಟಿಕೆ.

2006-07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತ್ತು. ಕೊರೋನಾ ಬಂತು, ಯೋಜನೆ ನಿಂತಿತು. ಇ-ಸೈಕಲ್ ಮಾತು ಆಮೇಲೆ. ಮೊದಲು ನಮ್ಮ ಮಕ್ಕಳ ಆ ಸಾದಾ ಸೈಕಲ್ ವಾಪಸ್ ಕೊಡಿ.